ಹೆಸರಿಗಾಗಿ ಹೋರಾಡಿದ ಮಹನೀಯ: ಭಾಗ್ಯರೆಡ್ಡಿ ವರ್ಮ

ಮಗು ಹುಟ್ಟಿದ ಮೇಲೆ ತೊಟ್ಟಿಲು ಕಟ್ಟಿ, ನಂಟರಿಷ್ಟರನ್ನು ಕರೆದು, ಹೆಸರಿಡುವುದು ನಮ್ಮ ಸೀಮೆಯ ಪದ್ಧತಿ. ಮಗು ಆ ಹೆಸರಿನಿಂದ ನಾಲ್ಕು ಜನರ ನಡುವೆ ತಲೆಯೆತ್ತಿ ಬಾಳಲಿ ಎಂದು ಹಾರೈಸದ ತಂದೆತಾಯಿಗಳಿಲ್ಲ. ಆದರೆ ನಮ್ಮ ದೇಶದಲ್ಲಿ ಲಕ್ಷಾಂತರ ಮಕ್ಕಳಿಗೆ ತೊಟ್ಟಿಲಲ್ಲಿ ಇಟ್ಟ ಹೆಸರು ಮನೆಯ ಹೊಸಿಲು ದಾಟುತ್ತಲೇ ಅಳಿಸಿಹೋಗುತ್ತಿತ್ತು. ಬೀದಿಗೆ ಬಂದೊಡನೆ ಅವರನ್ನು ಕರೆಯಲು ಊರಿನವರ ಬಾಯಲ್ಲಿ ಬೇರೊಂದು ಹೆಸರು ಸಿದ್ಧವಾಗಿರುತ್ತಿತ್ತು. ಅದು ಜಾತಿಯ ಹೆಸರು. ಕರೆಯುವ ದನಿಯಲ್ಲಿಯೇ ತಿರಸ್ಕಾರ ತುಂಬಿದ ಹೆಸರು. ಅಂಥ ಹೆಸರುಗಳನ್ನು ತೊಡೆದು, ತಮ್ಮ ಜನರಿಗೆ ಗೌರವದ ಹೆಸರೊಂದನ್ನು ತಂದುಕೊಡಲು ಬಾಳನ್ನೇ ಮುಡಿಪಾಗಿಟ್ಟವರು ಹೈದರಾಬಾದಿನ ಭಾಗ್ಯರೆಡ್ಡಿ ವರ್ಮ ಅವರು.

ಅವರ ಜೀವನವನ್ನು ಅರಿಯುವುದು ಧನ್ವಾಡದ ನಮಗೆ ವಿಶೇಷವಾಗಿ ಉಚಿತವಾಗಿದೆ. ಧನ್ವಾಡ, ನಾರಾಯಣಪೇಟೆ, ಮಕ್ತಲ, ಗದ್ವಾಲಗಳ ಈ ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಇಲ್ಲಿನ ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು, ಮರಾಠಿ ಭಾಷೆಗಳು ಒಟ್ಟಿಗೆ ಕಿವಿಗೆ ಬೀಳುತ್ತವೆ. ನಾಲ್ಕು ಭಾಷೆಗಳಲ್ಲಿ ಅಣ್ಣ, ಅಕ್ಕ ಎಂದು ಕರೆಯುವ ಭಾಗ್ಯ ನಮಗುಂಟು. ಅದರ ಜೊತೆಗೆ ನಾಲ್ಕು ಭಾಷೆಗಳಲ್ಲಿ ಜಾತಿ ಹಿಡಿದು ಹೀಯಾಳಿಸುವ ಮಾತುಗಳೂ ನಮಗೆ ಗೊತ್ತುಂಟು. ಆ ಮಾತುಗಳನ್ನು ನಾವು ಈ ಪುಟದಲ್ಲಿ ಬರೆಯುವುದಿಲ್ಲ. ಓದುವವರಿಗೆ ಅವು ಯಾವುವೆಂದು ತಿಳಿದೇ ಇದೆ.

ಭಾಗ್ಯರೆಡ್ಡಿ ವರ್ಮ ಅವರು 1888ನೆಯ ಇಸವಿ ಮೇ ತಿಂಗಳ 22ನೆಯ ದಿನ ಹೈದರಾಬಾದ್ ನಗರದಲ್ಲಿ ಜನಿಸಿದರು. ತಂದೆ ಮಾದರಿ ವೆಂಕಯ್ಯ, ತಾಯಿ ರಂಗಮಾಂಬ. ಅಂದು ಅಸ್ಪೃಶ್ಯವೆಂದು ಎಣಿಸಲ್ಪಟ್ಟಿದ್ದ ಮಾಲ ಸಮುದಾಯದ ಬಡ ಕುಟುಂಬ ಅವರದು. ಮಗುವಿಗೆ ಇಟ್ಟ ಹೆಸರು ಭಾಗಯ್ಯ. ಆಗ ಆಳುತ್ತಿದ್ದವರು ಆರನೆಯ ನಿಜಾಮ ಮಹಬೂಬ್ ಅಲಿ ಖಾನ್. ಅವರ ಹೆಸರನ್ನೇ 1890ರಲ್ಲಿ ನಮ್ಮ ಪಾಲಮೂರಿಗೆ ಇಟ್ಟು ಮಹಬೂಬ್‌ನಗರವೆಂದು ಕರೆಯಲಾಯಿತು. ಅರಸರ ಗೌರವಕ್ಕಾಗಿ ಒಂದು ಊರಿನ ಹೆಸರು ಸುಲಭವಾಗಿ ಬದಲಾಯಿತು. ಆದರೆ ಬಡಜನರ ಗೌರವಕ್ಕಾಗಿ ಅವರ ಸಮುದಾಯದ ಹೆಸರು ಬದಲಾಗಲು ದಶಕಗಳ ಹೋರಾಟವೇ ಬೇಕಾಯಿತು ಎಂಬುದನ್ನು ನಾವು ಗಮನಿಸಬೇಕು.

ಭಾಗಯ್ಯನವರ ಜೀವನದ ಮೊದಲ ತಿರುವು ಹೆಸರಿನಿಂದಲೇ ಆಯಿತು. ಅವರ ಮನೆತನದ ಗುರುಗಳು ಹುಡುಗನ ಹೆಸರನ್ನು ಭಾಗ್ಯರೆಡ್ಡಿ ಎಂದು ಬದಲಾಯಿಸಿದರು. ರೆಡ್ಡಿ ಎಂಬ ಮಾತು ಒಡೆಯ ಎಂಬ ಅರ್ಥದ ಹಳೆಯ ಮಾತಿನಿಂದ ಬಂದದ್ದೆಂದೂ, ಇಂದು ಊರ ಹೊರಗೆ ಇರುವ ಈ ಜನರೇ ಒಂದು ಕಾಲಕ್ಕೆ ನೆಲದ ಒಡೆಯರಾಗಿದ್ದರೆಂದೂ ಅವರು ತಿಳಿಸಿದರು. ಈ ಮಾತು ಬಾಲಕನ ಮನಸ್ಸಿನಲ್ಲಿ ಆಳವಾಗಿ ಬೇರೂರಿತು. ಮುಂದೆ 1913ರಲ್ಲಿ ಆರ್ಯಸಮಾಜದವರು ಅವರ ಸೇವೆಯನ್ನು ಮೆಚ್ಚಿ ವರ್ಮ ಎಂಬ ಬಿರುದನ್ನು ನೀಡಿದರು. ಹೀಗೆ ಭಾಗಯ್ಯ ಭಾಗ್ಯರೆಡ್ಡಿ ವರ್ಮ ಆದರು. ತಮಗೊಬ್ಬರಿಗೆ ಗೌರವದ ಹೆಸರು ದೊರೆತರೆ ಸಾಕೆಂದು ಅವರು ಸುಮ್ಮನೆ ಕೂಡಲಿಲ್ಲ. ತಮ್ಮ ಇಡೀ ಜನರಿಗೆ ಅದು ದೊರೆಯಬೇಕೆಂಬುದೇ ಅವರ ಛಲವಾಯಿತು.

1906ರಲ್ಲಿ, ಇನ್ನೂ 18 ವರ್ಷದ ತರುಣರಾಗಿದ್ದಾಗ, ಅವರು ಜಗನ್ಮಿತ್ರ ಮಂಡಳಿಯನ್ನು ಸ್ಥಾಪಿಸಿದರು. ಓದು ಬರಹ ಬಾರದ ಜನರಿಗೆ ತಿಳುವಳಿಕೆ ಮೂಡಿಸಲು ಹರಿಕಥೆಯನ್ನು ಬಳಸಿಕೊಂಡರು. ದುಡಿದು ದಣಿದ ಜನರು ರಾತ್ರಿ ಕಥೆ ಕೇಳಲು ಕೂಡಿದರೆ ಕಥೆಯ ಜೊತೆಗೆ ಅರಿವೂ ಒಳಗೆ ಇಳಿಯುತ್ತದೆಂಬುದು ಅವರ ನಂಬಿಕೆ. 1911ರಲ್ಲಿ ಆ ಸಂಸ್ಥೆ ಮಾನ್ಯ ಸಂಘವಾಯಿತು. ಮಾನ್ಯ ಎಂದರೆ ಗೌರವಕ್ಕೆ ಪಾತ್ರವಾದದ್ದು ಎಂದು ಕನ್ನಡಿಗರಾದ ನಮಗೆ ಬೇರೆ ಹೇಳಬೇಕಾಗಿಲ್ಲ. ಯಾರನ್ನು ಊರು ಮಾನ್ಯ ಮಾಡಲಿಲ್ಲವೋ ಅವರು ತಮ್ಮ ಸಂಘಕ್ಕೆ ಆ ಹೆಸರನ್ನೇ ಆರಿಸಿಕೊಂಡರು.

ಬರಿಯ ಹೆಸರಿನಿಂದ ಹೊಟ್ಟೆ ತುಂಬದು, ತಲೆ ತುಂಬದು ಎಂಬುದನ್ನು ಭಾಗ್ಯರೆಡ್ಡಿ ವರ್ಮ ಅವರು ಚೆನ್ನಾಗಿ ಬಲ್ಲವರಾಗಿದ್ದರು. 1910ರಿಂದ ಅವರು ಹೈದರಾಬಾದಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆಗಳನ್ನು ತೆರೆಯತೊಡಗಿದರು. ಕಾಲಕ್ರಮದಲ್ಲಿ ಅವುಗಳ ಸಂಖ್ಯೆ 25ನ್ನು ಮೀರಿತು. ಅಲ್ಲಿ ಓದಿದ ಮಕ್ಕಳು ಎರಡು ಸಾವಿರಕ್ಕೂ ಹೆಚ್ಚು. ರಾಜ್ಯದ ಆಡಳಿತವೆಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದ ಆ ಕಾಲದಲ್ಲಿ ಈ ಶಾಲೆಗಳಲ್ಲಿ ತೆಲುಗಿನಲ್ಲಿ ಪಾಠ ಹೇಳಲಾಗುತ್ತಿತ್ತು. ತಾಯ್ನುಡಿಯಲ್ಲಿ ಕಲಿಯುವುದರ ಸುಖ ಏನೆಂಬುದನ್ನು ಗಡಿನಾಡಿನ ಕನ್ನಡ ಶಾಲೆಯ ಮಕ್ಕಳಾದ ನಾವು ಬಲ್ಲೆವು. ಕುಡಿತ, ಪ್ರಾಣಿಬಲಿ, ಬಾಲ್ಯವಿವಾಹಗಳನ್ನು ಬಿಡುವಂತೆ ಅವರು ತಮ್ಮ ಜನರಿಗೆ ಕೇರಿ ಕೇರಿ ತಿರುಗಿ ಹೇಳಿದರು. ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಡುವ ಜೋಗಿನಿ, ಬಸವಿ ಪದ್ಧತಿಗಳ ವಿರುದ್ಧವೂ ದನಿಯೆತ್ತಿದರು. ನಮ್ಮ ಸೀಮೆಯನ್ನೂ ಬಹುಕಾಲ ಕಾಡಿದ ಆ ಪದ್ಧತಿಯನ್ನು ನಿಷೇಧಿಸುವ ಕಾಯಿದೆ ಆಂಧ್ರಪ್ರದೇಶದಲ್ಲಿ 1988ರಲ್ಲಿ ಬಂದಿತೆಂಬುದನ್ನು ನೆನೆದರೆ ಅವರ ದೂರದೃಷ್ಟಿ ನಮಗೆ ಅರಿವಾಗುತ್ತದೆ.

ಅವರ ಜೀವನದ ಅತ್ಯಂತ ಮಹತ್ವದ ಘಟನೆ ನಡೆದದ್ದು 1917ರ ನವೆಂಬರ್ ತಿಂಗಳಲ್ಲಿ, ಬೆಜವಾಡದಲ್ಲಿ. ಅದೇ ಇಂದಿನ ವಿಜಯವಾಡ. ಅಲ್ಲಿ ಪಂಚಮರ ಮೊದಲ ಪ್ರಾಂತೀಯ ಸಮ್ಮೇಳನವನ್ನು ಏರ್ಪಡಿಸಿ ಭಾಗ್ಯರೆಡ್ಡಿ ವರ್ಮ ಅವರನ್ನು ಅಧ್ಯಕ್ಷರನ್ನಾಗಿ ಆಹ್ವಾನಿಸಿದ್ದರು. ಪಂಚಮ ಎಂದರೆ ಐದನೆಯವನು, ಅಂದರೆ ನಾಲ್ಕು ವರ್ಣಗಳ ಹೊರಗೆ ನಿಂತವನು ಎಂದು ಅರ್ಥ. ಏರ್ಪಡಿಸಿದವರ ಮನಸ್ಸಿನಲ್ಲಿ ಕೆಡುಕು ಇರಲಿಲ್ಲ. ಅಂದು ಸರ್ಕಾರದ ಕಾಗದಗಳಲ್ಲಿಯೂ ಸುಧಾರಕರ ಭಾಷಣಗಳಲ್ಲಿಯೂ ಆ ಹೆಸರೇ ಬಳಕೆಯಲ್ಲಿತ್ತು. ಆದರೆ ಅಧ್ಯಕ್ಷರು ಎದ್ದು ನಿಂತು ಮೊದಲು ಆ ಹೆಸರನ್ನೇ ಪ್ರಶ್ನಿಸಿದರು. ಪಂಚಮವೆಂಬ ಹೆಸರಿಗೆ ಪುರಾಣದಲ್ಲಾಗಲಿ ಶಾಸ್ತ್ರದಲ್ಲಾಗಲಿ ಆಧಾರವಿಲ್ಲವೆಂದರು. ತಮ್ಮವರು ಈ ನೆಲದ ಆದಿ ನಿವಾಸಿಗಳೆಂದು ಸಾರಿದರು. ಸಭೆ ಅವರ ಮಾತನ್ನು ಒಪ್ಪಿತು. ಪಂಚಮರ ಸಮ್ಮೇಳನವಾಗಿ ಸೇರಿದ್ದ ಸಭೆ ಆದಿ ಆಂಧ್ರ ಮಹಾಜನ ಸಭೆಯಾಗಿ ಮುಂದುವರಿಯಿತು.

ಇದು ಕೇವಲ ಒಂದು ಪದದ ಬದಲಾವಣೆ ಎಂದು ಕೆಲವರಿಗೆ ತೋರಬಹುದು. ಆದರೆ ಸ್ವಲ್ಪ ಯೋಚಿಸೋಣ. ಐದನೆಯವನು ಎಂದರೆ ಇತರರ ಎಣಿಕೆಯಲ್ಲಿ ಕೊನೆಯವನು. ಆದಿ ಎಂದರೆ ಮೊದಲಿಗನು. ಒಂದು ಹೆಸರು ಮನುಷ್ಯನನ್ನು ಊರ ಹೊರಗೆ ನಿಲ್ಲಿಸಿತು; ಇನ್ನೊಂದು ಅವನನ್ನು ನೆಲದ ಮಗನನ್ನಾಗಿ ಮಾಡಿತು. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲಿನ ಹೆಸರನ್ನು ಬೇರೆಯವರು ಅಂಟಿಸಿದ್ದರು. ಎರಡನೆಯದನ್ನು ಆ ಜನರು ತಾವೇ ಆರಿಸಿಕೊಂಡರು.

ಈ ಅಲೆ ಒಂದೇ ಕಡೆ ನಿಲ್ಲಲಿಲ್ಲ. 1922ರಲ್ಲಿ ಮದರಾಸು ಸರ್ಕಾರ ಶಾಸನಸಭೆಯಲ್ಲಿ ಎಂ. ಸಿ. ರಾಜಾ ಅವರ ಒತ್ತಾಯದಂತೆ ಹಳೆಯ ಹೆಸರುಗಳನ್ನು ಕೈಬಿಟ್ಟು ಆದಿ ದ್ರಾವಿಡ, ಆದಿ ಆಂಧ್ರ ಎಂಬ ಹೆಸರುಗಳನ್ನು ಅಂಗೀಕರಿಸಿತು. ಮೈಸೂರು ಸಂಸ್ಥಾನದಲ್ಲಿ ಆದಿ ಕರ್ನಾಟಕ ಎಂಬ ಹೆಸರು ಬಳಕೆಗೆ ಬಂದಿತು. ಪಂಜಾಬದಲ್ಲಿ 1926ರಲ್ಲಿ ಮಂಗೂರಾಮ್ ಅವರು ಆದ್ ಧರ್ಮ ಚಳವಳಿಯನ್ನು ಕಟ್ಟಿದರು. ಹೈದರಾಬಾದಿನಲ್ಲಿ ಮಾನ್ಯ ಸಂಘವೇ ಆದಿ ಹಿಂದೂ ಸಮಾಜ ಸೇವಾ ಸಂಸ್ಥೆಯಾಯಿತು. ಚಾದರಘಾಟಿನಲ್ಲಿ ಆದಿ ಹಿಂದೂ ಭವನ ತಲೆಯೆತ್ತಿತು. ಜನಗಣತಿಯಲ್ಲಿಯೂ ತಮ್ಮವರನ್ನು ಈ ಹೆಸರಿನಿಂದಲೇ ಬರೆಯಬೇಕೆಂದು ಭಾಗ್ಯರೆಡ್ಡಿ ವರ್ಮ ಅವರು ನಿಜಾಮರ ಸರ್ಕಾರಕ್ಕೆ ಬೇಡಿಕೆ ಸಲ್ಲಿಸಿದರು. 1931ರ ಜನಗಣತಿಯಲ್ಲಿ ಅದು ಈಡೇರಿತು. ಅದೇ ವರ್ಷ ಅವರು ಭಾಗ್ಯನಗರ ಎಂಬ ಪತ್ರಿಕೆಯನ್ನು ಆರಂಭಿಸಿದರು. ಮುಂದೆ ಅದಕ್ಕೂ ಆದಿ ಹಿಂದೂ ಎಂದೇ ಹೆಸರಾಯಿತು. ತಮ್ಮ ಜೀವಮಾನದಲ್ಲಿ ಅವರು ಮಾಡಿದ ಭಾಷಣಗಳು ಮೂರು ಸಾವಿರಕ್ಕೂ ಹೆಚ್ಚು.

ಆದರೂ ಆರಿಸಿದ ಹೆಸರು ಎಲ್ಲರಿಗೂ ಒಪ್ಪಿಗೆಯಾಯಿತೆಂದು ಹೇಳಲಾಗದು. ಮಾದಿಗ ಸಮುದಾಯದ ಹಲವರು ತಮ್ಮನ್ನು ಅರುಂಧತೀಯರೆಂದು ಕರೆದುಕೊಳ್ಳಲು ಬಯಸಿದರು. ಇದರಿಂದ ಹೈದರಾಬಾದಿನ ಮುಖಂಡರ ನಡುವೆ ಭಿನ್ನಾಭಿಪ್ರಾಯವೂ ತಲೆದೋರಿತು. ಇದನ್ನು ನಾವು ಮುಚ್ಚಿಡಬೇಕಾಗಿಲ್ಲ. ತನ್ನ ಹೆಸರನ್ನು ತಾನೇ ಆರಿಸಿಕೊಳ್ಳುವ ಹಕ್ಕು ಒಬ್ಬರಿಗೆ ಉಂಟಾದರೆ ಇನ್ನೊಬ್ಬರಿಗೂ ಉಂಟಲ್ಲವೆ? 1930ರಲ್ಲಿ ಲಕ್ನೋದಲ್ಲಿ ಸೇರಿದ ಸಮ್ಮೇಳನದಲ್ಲಿ ಭಾಗ್ಯರೆಡ್ಡಿ ವರ್ಮ ಅವರು ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಡಾ. ಅಂಬೇಡ್ಕರರೇ ತಮ್ಮ ಪ್ರತಿನಿಧಿಯೆಂದು ಬೆಂಬಲಿಸಿದರು. 1939ರ ಫೆಬ್ರವರಿ 18ರಂದು, ಕೇವಲ 50ನೆಯ ವಯಸ್ಸಿನಲ್ಲಿ ಅವರು ಕಾಲವಶರಾದರು.

ಅವರ ನಂತರವೂ ಹೆಸರಿನ ಪ್ರಶ್ನೆ ಮುಗಿಯಲಿಲ್ಲ. ಗಾಂಧೀಜಿಯವರು ಪ್ರೀತಿಯಿಂದ ಹರಿಜನ ಎಂಬ ಹೆಸರನ್ನು ಬಳಕೆಗೆ ತಂದಿದ್ದರು. ಆದರೆ ಅದನ್ನು ಕಾನೂನಿನಲ್ಲಿ ಸೇರಿಸಹೊರಟಾಗ, 1938ರಲ್ಲಿಯೇ ಡಾ. ಅಂಬೇಡ್ಕರರೂ ಅವರ ಪಕ್ಷದವರೂ ಮುಂಬಯಿ ಶಾಸನಸಭೆಯಿಂದ ಪ್ರತಿಭಟಿಸಿ ಹೊರನಡೆದರು. ತಮ್ಮನ್ನು ಕೇಳದೆ ಇಟ್ಟ ಹೆಸರು ಎಷ್ಟೇ ಮಧುರವಾಗಿದ್ದರೂ ಅದು ತಮ್ಮದಲ್ಲ ಎಂಬುದು ಅವರ ನಿಲುವಾಗಿತ್ತು. 1982ರಲ್ಲಿ ಭಾರತ ಸರ್ಕಾರವು ಜಾತಿ ಪ್ರಮಾಣಪತ್ರಗಳಲ್ಲಿ ಆ ಪದವನ್ನು ಬರೆಯಬಾರದೆಂದು ಸೂಚಿಸಿತು. 1970ರ ದಶಕದಲ್ಲಿ ಮಹಾರಾಷ್ಟ್ರ, ಕರ್ನಾಟಕಗಳ ತರುಣರು ದಲಿತ ಎಂಬ ಹೆಸರನ್ನು ಹೋರಾಟದ ಬಾವುಟವನ್ನಾಗಿ ಎತ್ತಿ ಹಿಡಿದರು. 1994ರಲ್ಲಿ ಆರಂಭವಾದ ಮಾದಿಗ ದಂಡೋರ ಚಳವಳಿಯಲ್ಲಿ ಅನೇಕರು ಮಾದಿಗ ಎಂಬುದನ್ನು ತಮ್ಮ ಹೆಸರಿನ ಮುಂದೆ ಹೆಮ್ಮೆಯಿಂದ ಸೇರಿಸಿಕೊಂಡರು. ಒಂದೇ ಪದ ಬೈಯುವವನ ಬಾಯಲ್ಲಿ ಕಲ್ಲಾಗುತ್ತದೆ. ಹೊತ್ತವನು ತಾನಾಗಿ ಆರಿಸಿಕೊಂಡರೆ ಕಿರೀಟವಾಗುತ್ತದೆ. ಜಾತಿಯ ಹೆಸರು ಹಿಡಿದು ನಾಲ್ಕು ಜನರೆದುರು ಬೈಯುವುದಂತೂ 1989ರ ದೌರ್ಜನ್ಯ ತಡೆ ಕಾಯಿದೆಯ ಪ್ರಕಾರ ಶಿಕ್ಷಾರ್ಹ ಅಪರಾಧ.

ಪ್ರಪಂಚದ ಬೇರೆ ಕಡೆಗಳಲ್ಲಿಯೂ ಹೀಗೆಯೇ ನಡೆದಿದೆ. ಹಿಮದ ನಾಡಿನ ಎಸ್ಕಿಮೊಗಳ ಪಾಠವನ್ನು ಹಿಂದಿನವರು ಭೂಗೋಳದಲ್ಲಿ ಓದಿದ್ದಾರೆ. ಅದು ಹೊರಗಿನವರು ಇಟ್ಟ ಹೆಸರು. ಅಲಾಸ್ಕ, ಕೆನಡಾ, ಗ್ರೀನ್‌ಲ್ಯಾಂಡ್‌ಗಳ ಜನರು 1977ರಲ್ಲಿ ಸಭೆ ಸೇರಿ ಇನ್ಯುಯಿಟ್ ಎಂಬ ತಮ್ಮದೇ ಹೆಸರನ್ನು ಎತ್ತಿಹಿಡಿದರು. ಅಮೆರಿಕ ದೇಶವು 2016ರಲ್ಲಿ ತನ್ನ ಕಾನೂನಿನಿಂದ ಕರಿಯರಿಗೂ ಏಷ್ಯದವರಿಗೂ ಬಳಸುತ್ತಿದ್ದ ಹಳೆಯ ಪದಗಳನ್ನು ತೆಗೆದುಹಾಕಿತು. ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ 2020ರಲ್ಲಿ ಜಾತಿಯ ಹೆಸರಿರುವ ಕೇರಿಗಳಿಗೆ ಬೇರೆ ಹೆಸರಿಡಲು ತೀರ್ಮಾನವಾಯಿತು. 2024ರಲ್ಲಿ ಕೇರಳ ಸರ್ಕಾರವು ಪರಿಶಿಷ್ಟರ ವಸತಿಗಳನ್ನು ಕಾಲೊನಿ ಎಂದು ಕರೆಯಬಾರದೆಂದಿತು.

ಹಳೆಯ ಹೆಸರುಗಳಲ್ಲಿ ತಪ್ಪೇನಿದೆ, ನಾವು ಕೆಟ್ಟ ಮನಸ್ಸಿನಿಂದ ಕರೆಯುವುದಿಲ್ಲವಲ್ಲ ಎಂದು ಕೇಳುವ ಹಿರಿಯರು ಉಂಟು. ಅದಕ್ಕೆ ನಮ್ಮ ಅನುಭವವನ್ನೇ ಹೇಳುತ್ತೇವೆ. ನಾವು ಹುಡುಗರಾಗಿದ್ದಾಗ ತರಗತಿಯಲ್ಲಿ ಒಬ್ಬ ಗೆಳೆಯನಿದ್ದ. ಲೆಕ್ಕದಲ್ಲಿ ನಮಗೆಲ್ಲರಿಗಿಂತ ಜಾಣ. ಹಾಜರಿ ಕರೆಯುವಾಗ ಮಾತ್ರ ಅವನ ಹೆಸರು ಕೇಳುತ್ತಿತ್ತು. ಆಟದ ಬಯಲಿನಲ್ಲಿ ನಾವು ಅವನನ್ನು ಅವನ ಜಾತಿಯ ಹೆಸರಿನಿಂದಲೇ ಕೂಗುತ್ತಿದ್ದೆವು. ಅವನು ನಕ್ಕು ಓಗೊಡುತ್ತಿದ್ದ. ಆ ನಗುವನ್ನು ನಾವು ಒಪ್ಪಿಗೆಯೆಂದು ತಿಳಿದೆವು. ಒಂದು ದಿನ ಅವನ ತಾಯಿ ಬುತ್ತಿ ಹಿಡಿದು ಶಾಲೆಯ ಬಾಗಿಲಿಗೆ ಬಂದರು. ಮಗನ ಹೆಸರು ಹೇಳಿ ಎಲ್ಲಿದ್ದಾನೆಂದು ಕೇಳಿದರು. ಅವರು ಯಾರನ್ನು ಕೇಳುತ್ತಿದ್ದಾರೆಂದು ನಮಗೆ ತಟ್ಟನೆ ಹೊಳೆಯಲಿಲ್ಲ. ಹೊಳೆದ ಕೂಡಲೇ ನಮ್ಮಲ್ಲೊಬ್ಬ ಎಂದಿನಂತೆ ಆ ಇನ್ನೊಂದು ಹೆಸರಿನಿಂದ ಗಟ್ಟಿಯಾಗಿ ಕೂಗಿದ. ಗೆಳೆಯ ಓಡಿ ಬಂದ. ಆದರೆ ಅಂದು ತಾಯಿಯ ಎದುರಿಗೆ ಅವನು ನಗಲಿಲ್ಲ. ತಾಯಿ ಬುತ್ತಿಯನ್ನು ಕೊಟ್ಟು, ಏನೂ ಮಾತನಾಡದೆ ಹಿಂದಿರುಗಿದರು. ನಮ್ಮ ಮನಸ್ಸಿನಲ್ಲಿ ಕೆಡುಕು ಇರಲಿಲ್ಲವೆಂಬುದು ಆ ತಾಯಿಗೆ ಯಾವ ಸಮಾಧಾನ ತಂದೀತು? ಇಂದಿಗೂ ಅದನ್ನು ನೆನೆದರೆ ನಮ್ಮ ತಲೆ ತಗ್ಗುತ್ತದೆ.

ಭಾಗ್ಯರೆಡ್ಡಿ ವರ್ಮ ಅವರ ಜೀವನ ನಮಗೆ ಕಲಿಸುವ ಪಾಠ ಇದೇ. ಹೆಸರು ಕರೆಯುವವನ ಸೊತ್ತಲ್ಲ, ಹೊರುವವನ ಸೊತ್ತು. ಅದು ನೋಯಿಸುತ್ತದೆಯೋ ಇಲ್ಲವೋ ಎಂಬುದನ್ನು ಹೊರುವವನೇ ಹೇಳಬೇಕು, ಕರೆಯುವವನು ಕೇಳಿ ತಿದ್ದಿಕೊಳ್ಳಬೇಕು. ಆ ಮಹನೀಯರಂತೆ ಶಾಲೆಗಳನ್ನು ಕಟ್ಟುವ ಶಕ್ತಿ ಇಂದು ನಮ್ಮಲ್ಲಿ ಇಲ್ಲದಿರಬಹುದು. ಆದರೆ ಪಕ್ಕದ ಮಣೆಯ ಮೇಲೆ ಕುಳಿತ ಗೆಳೆಯನನ್ನು, ಗೆಳತಿಯನ್ನು ಅವರ ತಾಯಿ ತೊಟ್ಟಿಲಲ್ಲಿ ಇಟ್ಟ ಹೆಸರಿನಿಂದ ಕರೆಯುವುದಕ್ಕೆ ಹಣವೂ ಬೇಡ, ಅಧಿಕಾರವೂ ಬೇಡ. ವಿದ್ಯಾರ್ಥಿ ಮಿತ್ರರೇ, ನಾಳೆ ಆಟದ ಬಯಲಿನಿಂದಲೇ ಅದನ್ನು ಆರಂಭಿಸೋಣ.