ಗ್ರಹಣದ ಕಲೆಯಲ್ಲ

ನನ್ನ ತೋಳು, ಬೆನ್ನಿನ ಮೇಲೆ ಕೂಸಾಗಿದ್ದಾಗಿನಿಂದಲೂ ಕಾಫಿ ಬಣ್ಣದ ಕಲೆಗಳಿವೆ. ಬಸುರಿಯಾಗಿದ್ದಾಗ ಅಮ್ಮ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದದ್ದೇ ಕಾರಣವೆಂದು ನೆಂಟರು ದೂರುತ್ತಿದ್ದರು. ಅಮ್ಮನೂ ಅದನ್ನೇ ನಂಬಿದ್ದಳು. ನಾನು ಬಿ.ಇ. ಸೇರಿದ ವರ್ಷ ವೈದ್ಯರು ಇದು ನ್ಯೂರೊಫೈಬ್ರೊಮಟೋಸಿಸ್ ಎಂದರು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಫ್ರೆಡ್ರಿಕ್ ಫಾನ್ ರೆಕ್ಲಿಂಗ್‌ಹೌಸೆನ್ ಅವರ ಬದುಕು.

1833ರಲ್ಲಿ ಜರ್ಮನಿಯ ಗ್ಯೂಟರ್ಸ್‌ಲೋದಲ್ಲಿ ಹುಟ್ಟಿದ ಅವರು ಬರ್ಲಿನ್‌ನಲ್ಲಿ ರೋಗಶಾಸ್ತ್ರಜ್ಞ ವಿರ್ಕೊ ಅವರ ಶಿಷ್ಯರಾಗಿದ್ದರು. 1872ರಲ್ಲಿ ಸ್ಟ್ರಾಸ್‌ಬರ್ಗ್‌ಗೆ ಪ್ರಾಧ್ಯಾಪಕರಾಗಿ ಹೋದರು. ಇಂಥ ಕಲೆಗಳ ಜೊತೆ ಮೈಮೇಲೆ ಗಂಟುಗಳೇಳುವ ರೋಗಿಗಳನ್ನು ವೈದ್ಯರು ಮೊದಲೂ ನೋಡಿದ್ದರು. ಆ ಗಂಟುಗಳ ಮೂಲ ನರಗಳಲ್ಲಿದೆ ಎಂದು 1882ರಲ್ಲಿ ಸ್ಪಷ್ಟವಾಗಿ ತೋರಿಸಿದವರು ಇವರು. ಚರ್ಮವನ್ನು ಕಂಚಿನ ಬಣ್ಣಕ್ಕೆ ತಿರುಗಿಸುವ ಇನ್ನೊಂದು ಕಾಯಿಲೆಗೆ 1889ರಲ್ಲಿ ಹಿಮೊಕ್ರೊಮಟೋಸಿಸ್ ಎಂದು ಹೆಸರಿಟ್ಟವರೂ ಇವರೇ. 1910ರಲ್ಲಿ ತೀರಿಕೊಂಡರು.

ಅವರಿಗೆ ಕಾಣದೇ ಉಳಿದ ಕಾರಣ 1990ರಲ್ಲಿ ಸಿಕ್ಕಿತು: 17ನೇ ವರ್ಣತಂತುವಿನ ಒಂದು ಜೀನ್‌ನಲ್ಲಿ ದೋಷ. ಸುಮಾರು ಅರ್ಧದಷ್ಟು ಮಂದಿಯಲ್ಲಿ ಅದು ತಂದೆತಾಯಿಯಿಂದ ಬಂದದ್ದಲ್ಲ, ಹೊಸದಾಗಿ ಉಂಟಾದದ್ದು. ಒಬ್ಬರಿಂದೊಬ್ಬರಿಗೆ ಅಂಟುವುದೂ ಇಲ್ಲ.

ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಅವಳು ಬಹಳ ಹೊತ್ತು ನನ್ನ ತೋಳು ಹಿಡಿದು ಕೂತಿದ್ದಳು. ಮುಂದಿನ ತಿಂಗಳು ಕ್ಯಾಂಪಸ್ ಸಂದರ್ಶನ. ಯಾರಾದರೂ ಕಲೆ ನೋಡಿ ಕೇಳಿದರೆ, ಉತ್ತರ ನನಗೆ ಗೊತ್ತಿದೆ.