ಗಿರಣಿಯಿಂದ ಗಣಿತದ ಶಿಖರಕ್ಕೆ: ಜಾರ್ಜ್ ಗ್ರೀನ್



ರಾಜಾಜಿನಗರ, ವಿಜಯನಗರಗಳಿಂದ ಜ್ಞಾನಭಾರತಿಗೋ ಕೆಂಗೇರಿ ಕಡೆಯ ಇಂಜಿನಿಯರಿಂಗ್ ಕಾಲೇಜುಗಳಿಗೋ ಹೋಗಿ ಓದುವ ನಿಮ್ಮಲ್ಲಿ ಕೆಲವರಿಗೆ ಬಹುಚರ ಕಲನಶಾಸ್ತ್ರವೆಂದರೆ ಭಯ. ಅದರಲ್ಲಿ ಬರುವ ಗ್ರೀನ್ ಪ್ರಮೇಯವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುವವರೂ ಇದ್ದೀರಿ. ಆ ಗ್ರೀನ್ ಯಾರೆಂದು ನಿಮಗೆ ಗೊತ್ತೇ? ಹಿಟ್ಟಿನ ಗಿರಣಿಯಲ್ಲಿ ದುಡಿದ ಬೇಕರಿಯವರ ಮಗ!

ಜಾರ್ಜ್ ಗ್ರೀನ್ 1793ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಜನಿಸಿದರು. ಅವರು ಶಾಲೆಗೆ ಹೋದದ್ದು ಎರಡು ವರ್ಷವೂ ಇಲ್ಲ. ಬಾಲ್ಯದಲ್ಲೇ ತಂದೆಯ ಬೇಕರಿಗೆ, ಆನಂತರ ತಂದೆ ಕಟ್ಟಿಸಿದ ಗಾಳಿಗಿರಣಿಗೆ ಹೆಗಲು ಕೊಡಬೇಕಾಯಿತು. ಆದರೂ ಓದು ಬಿಡಲಿಲ್ಲ. 1823ರಲ್ಲಿ ಊರಿನ ಗ್ರಂಥಾಲಯಕ್ಕೆ ಚಂದಾ ಕಟ್ಟಿ ಸದಸ್ಯರಾದರು. ದುಡಿಮೆಯ ನಡುವೆಯೇ ಫ್ರೆಂಚ್ ಗಣಿತಜ್ಞರ ಕೃತಿಗಳನ್ನು ಅಭ್ಯಾಸ ಮಾಡಿದರು.

1828ರಲ್ಲಿ ವಿದ್ಯುತ್ತು ಮತ್ತು ಕಾಂತತ್ವವನ್ನು ಗಣಿತದಿಂದ ವಿವರಿಸುವ ಪ್ರಬಂಧವೊಂದನ್ನು ಪ್ರಕಟಿಸಿದರು. ಅದಕ್ಕೆ ಚಂದಾದಾರರಾದವರು ಕೇವಲ 51 ಮಂದಿ. ಒಂದು ಘನವಸ್ತುವಿನ ಒಳಗಿನ ಲೆಕ್ಕವನ್ನು ಅದರ ಮೇಲ್ಮೈಯ ಲೆಕ್ಕದೊಂದಿಗೆ ಜೋಡಿಸುವ ಸೂತ್ರ ಅದರಲ್ಲಿತ್ತು. ಹೊಲದ ಬದುವಿನ ಮೇಲೆ ಒಂದು ಸುತ್ತು ಬಂದರೆ ಸಾಕು, ಇಡೀ ಹೊಲದ ವಿಸ್ತೀರ್ಣ ಸಿಗುತ್ತದೆ ಎಂಬಂತೆ! ನೀವು ಕಲಿಯುವ ಸಮತಲದ ರೂಪವನ್ನು 1846ರಲ್ಲಿ ಕೋಷಿ ಪ್ರಕಟಿಸಿದರು.

ಚಂದಾದಾರರಲ್ಲಿ ಒಬ್ಬರಾದ ಸರ್ ಎಡ್ವರ್ಡ್ ಬ್ರೋಮ್‌ಹೆಡ್ ಗಣಿತ ಬಲ್ಲವರು. ನೆರವಾಗುವೆನೆಂದು ಪತ್ರ ಬರೆದರು. ಅದು ಬರೀ ಮರ್ಯಾದೆಯ ಮಾತೆಂದು ಭಾವಿಸಿದ ಗ್ರೀನ್ ಸುಮಾರು ಎರಡು ವರ್ಷ ಉತ್ತರಿಸಲೇ ಇಲ್ಲ. ಕೊನೆಗೆ ಉತ್ತರಿಸಿದಾಗ ದಾರಿ ತೆರೆಯಿತು. 1833ರಲ್ಲಿ, 40ನೇ ವಯಸ್ಸಿನಲ್ಲಿ, ಕೇಂಬ್ರಿಡ್ಜ್‌ನಲ್ಲಿ ವಿದ್ಯಾರ್ಥಿಯಾದರು! 1837ರ ಗಣಿತ ಪರೀಕ್ಷೆಯಲ್ಲಿ ನಾಲ್ಕನೆಯ ಸ್ಥಾನ ಪಡೆದರು. 1839ರಲ್ಲಿ ತಮ್ಮ ಕಾಲೇಜಿನ ಫೆಲೋ ಆದರು. ಆದರೆ ಆಯುಷ್ಯ ಕಡಿಮೆಯಿತ್ತು. 1841ರಲ್ಲಿ, 47ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಪ್ರಬಂಧದ ಬೆಲೆ ಜಗತ್ತಿಗೆ ತಿಳಿದದ್ದು 1845ರಲ್ಲಿ ಅದು ವಿಲಿಯಂ ಥಾಮ್ಸನ್ ಅವರ ಕೈಸೇರಿದ ಮೇಲೆಯೇ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಜ್ಞಾನಿ ಅವರೇ.

ಮಿತ್ರರೇ, ತಂದೆಯ ಅಂಗಡಿಯಲ್ಲಿ ಕೈಜೋಡಿಸುತ್ತಾ ಓದುವವರು ನಿಮ್ಮಲ್ಲೂ ಇದ್ದೀರಿ. ಶಾಲಾ ಶಿಕ್ಷಣದ ಕೊರತೆಯಾಗಲಿ, ವಯಸ್ಸಾಗಲಿ ಗ್ರೀನ್ ಅವರನ್ನು ತಡೆಯಲಿಲ್ಲ; ಅವರ ಎರಡು ವರ್ಷಗಳನ್ನು ನುಂಗಿದ್ದು ಸಂಕೋಚ. ಗ್ರಂಥಾಲಯದ ಬಾಗಿಲು ತಟ್ಟಿರಿ. ತಿಳಿಯದ ಲೆಕ್ಕವನ್ನು ಅಧ್ಯಾಪಕರಲ್ಲಿ ನಾಳೆಯೇ ಕೇಳಿರಿ. ಯಾರಾದರೂ ನೆರವಿನ ಕೈ ಚಾಚಿದರೆ ತಡಮಾಡದೆ ಹಿಡಿಯಿರಿ.