ಮಾವ ಓದಿಸಿದ ಸೊಸೆ: ಉಮಾಬಾಯಿ ಕುಂದಾಪುರ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಗುರುಗಳು ಹೇಳಿದಾಗ ನನಗೆ ಮೊದಲು ನೆನಪಾದದ್ದು ನನ್ನ ಮದುವೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ಮೊದಲೇ ನನ್ನ ತಲೆಯ ಮೇಲೆ ಅಕ್ಕಿಕಾಳು ಬಿದ್ದಿದ್ದವು. ನೀಲಗುಂದದಿಂದ ಪಾಸಾದ ಸುದ್ದಿ ಬಂದಾಗ ನಾನು ಗಂಡನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಮುಂದೆ ಓದುತ್ತೀಯಾ ಎಂದು ಮಾವನವರು ಕೇಳದೆ ಹೋಗಿದ್ದರೆ ನಾನು ಶಿಕ್ಷಕಿಯಾಗುತ್ತಿರಲಿಲ್ಲ, ಇಂದು ನಿವೃತ್ತ ಶಿಕ್ಷಕಿ ಎಂದು ಹೇಳಿಕೊಳ್ಳುವಂತೆಯೂ ಇರುತ್ತಿರಲಿಲ್ಲ. ಆದ್ದರಿಂದ ನನ್ನ ಕಥೆಗಿಂತ, ನನಗಿಂತ ಬಹಳ ಮೊದಲು ಇದೇ ದಾರಿಯಲ್ಲಿ ನಡೆದ ಉಮಾಬಾಯಿ ಕುಂದಾಪುರ ಅವರ ಬದುಕನ್ನು ಬರೆಯುತ್ತೇನೆ. ಅವರ ಕಾಲದಲ್ಲಿ ನಮ್ಮ ಹರಪನಹಳ್ಳಿ ತಾಲ್ಲೂಕು ಮದ್ರಾಸ್ ಪ್ರಾಂತ್ಯದಲ್ಲಿತ್ತು. ತುಂಗಭದ್ರೆಯ ಆಚೆಗಿನ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದ್ದು. ಅವರ ಹೆಸರು ನಮ್ಮ ಅಜ್ಜಿಯರ ಕಿವಿಗೆ ಬೀಳದಿದ್ದರೆ ಆಶ್ಚರ್ಯವಿಲ್ಲ.

ಉಮಾಬಾಯಿ 1892ರಲ್ಲಿ ಮಂಗಳೂರಿನ ಗೋಳಿಕೇರಿ ಮನೆತನದಲ್ಲಿ ಹುಟ್ಟಿದರು. ತವರಿನ ಹೆಸರು ಭವಾನಿ. ಹದಿಮೂರನೆಯ ವಯಸ್ಸಿಗೆ ಸಂಜೀವರಾವ್ ಕುಂದಾಪುರ ಅವರೊಂದಿಗೆ ಮದುವೆಯಾಯಿತು. ಆ ಕಾಲಕ್ಕೆ ಹೆಣ್ಣುಮಗಳ ಓದು ಅಲ್ಲಿಗೆ ಮುಗಿಯಬೇಕು. ಆದರೆ ಮಾವ ಆನಂದರಾಯರು ಬೇರೆಯೇ ಸ್ವಭಾವದವರು. ಸೊಸೆ ಓದಬೇಕೆಂದು ಹಟ ಹಿಡಿದವರು. ಹೀಗೆ ಮದುವೆಯಾದ ಮೇಲೆಯೇ ಉಮಾಬಾಯಿ ಮೆಟ್ರಿಕ್ಯುಲೇಷನ್ ಪಾಸಾದರು. ಮುಂಬಯಿಯ ಗಾಂವ್‌ದೇವಿಯಲ್ಲಿ ಮಾವನ ಜೊತೆಗೂಡಿ ಹೆಂಗಸರಿಗೆ ಪಾಠ ಹೇಳಿದರು.

ಅಷ್ಟರಲ್ಲಿ ಗಂಡನಿಗೆ ಕ್ಷಯ ಅಂಟಿತು. ಆಗ ಅದಕ್ಕೆ ಔಷಧವಿರಲಿಲ್ಲ. ಸಂಜೀವರಾಯರು ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಗಂಡ ಸತ್ತ ಹೆಣ್ಣುಮಗಳನ್ನು ಮೂಲೆಗೆ ಕೂರಿಸುತ್ತಿದ್ದ ಕಾಲ ಅದು. ಮಗನನ್ನು ಕಳೆದುಕೊಂಡ ಆನಂದರಾಯರು ಹಾಗೆ ಮಾಡಲಿಲ್ಲ. ಸೊಸೆಯನ್ನು ಕರೆದುಕೊಂಡು ಹುಬ್ಬಳ್ಳಿಗೆ ಬಂದು ಕರ್ನಾಟಕ ಪ್ರೆಸ್ ತೆರೆದರು. ಉಮಾಬಾಯಿ ಭಗಿನಿ ಮಂಡಳ ಕಟ್ಟಿದರು. ಡಾ. ನಾ. ಸು. ಹರ್ಡೀಕರರು ಆರಂಭಿಸಿದ್ದ ತಿಲಕ್ ಕನ್ಯಾಶಾಲೆಯ ಹೊಣೆಯೂ ಅವರ ಹೆಗಲಿಗೆ ಬಂತು.

1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನಡೆಯಿತು. ಹಿಂದುಸ್ತಾನಿ ಸೇವಾದಳದ ಮಹಿಳಾ ವಿಭಾಗ ನೋಡಿಕೊಳ್ಳುತ್ತಿದ್ದ ಉಮಾಬಾಯಿ, ಊರೂರು ತಿರುಗಿ 150ಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕೂಡಿಸಿದರು. ಅವರಲ್ಲಿ ವಿಧವೆಯರೂ ಇದ್ದರು. ಜೈಲಿಗಿಂತ ಇದೇ ದೊಡ್ಡ ಸಾಹಸವೆಂದು ನನಗೆ ಅನಿಸುತ್ತದೆ. ಶುಭಕಾರ್ಯಕ್ಕೆ ಹೊರಟವರು ಎದುರಾದರೆ ಮುಖ ತಿರುಗಿಸುತ್ತಿದ್ದ ಹೆಣ್ಣುಮಕ್ಕಳು ಅಲ್ಲಿ ಸಾವಿರಾರು ಜನರ ನಡುವೆ ತಲೆಯೆತ್ತಿ ಓಡಾಡಿದರು.

ಜೈಲೂ ಬಂತು. 1932ರಲ್ಲಿ ಅವರನ್ನು ಬಂಧಿಸಿ ಯೆರವಡಾ ಜೈಲಿನಲ್ಲಿ ನಾಲ್ಕು ತಿಂಗಳು ಇಟ್ಟರು. ಅವರು ಒಳಗಿದ್ದಾಗಲೇ ಆನಂದರಾಯರು ತೀರಿಕೊಂಡರು. ತನ್ನನ್ನು ಓದಿಸಿದ ಹಿರಿಯನ ಮುಖವನ್ನು ಕೊನೆಗೊಮ್ಮೆ ನೋಡಲೂ ಆಗಲಿಲ್ಲ. ಬಿಡುಗಡೆಯಾಗಿ ಬಂದರೆ ಪ್ರೆಸ್ಸು ಸರ್ಕಾರದ ಪಾಲಾಗಿತ್ತು, ಶಾಲೆಗೆ ಬೀಗ ಬಿದ್ದಿತ್ತು, ಭಗಿನಿ ಮಂಡಳ ಕಾನೂನುಬಾಹಿರವಾಗಿತ್ತು. ಶಾಲೆ ನಡೆಸಿದವರಿಗೆ ಗೊತ್ತು, ಬೀಗ ಬಿದ್ದ ಶಾಲೆಯ ಮುಂದೆ ನಿಲ್ಲುವುದು ಎಂಥ ಸಂಕಟವೆಂದು. ಆದರೂ ಜೈಲಿನಿಂದ ಹೊರಬಂದು ಮನೆಗೆ ಹೋಗಲು ಅಂಜುತ್ತಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ ಉಮಾಬಾಯಿಯವರ ಸಣ್ಣ ಮನೆಯೇ ಆಸರೆಯಾಯಿತು. ಊಟ ಹಾಕಿ, ಬಟ್ಟೆ ಕೊಟ್ಟು, ಊರಿಗೆ ಹೋಗಲು ದಾರಿಖರ್ಚು ಕೊಡುತ್ತಿದ್ದರು.

1934ರಲ್ಲಿ ಬಿಹಾರದ ಭೂಕಂಪವಾದಾಗ ಅಲ್ಲಿಗೂ ಹೋಗಿ ದುಡಿದರು. 1946ರಲ್ಲಿ ಗಾಂಧೀಜಿ ಕಸ್ತೂರಬಾ ಟ್ರಸ್ಟಿನ ಕರ್ನಾಟಕ ಶಾಖೆಯ ಹೊಣೆ ವಹಿಸಿದರು. ಹಳ್ಳಿಗಳಲ್ಲಿ ಕೆಲಸ ಮಾಡಲು ಗ್ರಾಮಸೇವಿಕೆಯರನ್ನು ತಯಾರು ಮಾಡುವುದು ಅದರ ಮುಖ್ಯ ಕೆಲಸ. ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರವನ್ನೂ ಪಿಂಚಣಿಯನ್ನೂ ಬೇಡವೆಂದರು. ಪ್ರತಿ ತಿಂಗಳು ಪಿಂಚಣಿ ಎಣಿಸಿಕೊಳ್ಳುವ ನನ್ನಂಥವಳಿಗೆ ಇದನ್ನು ಬರೆಯುವಾಗ ಸ್ವಲ್ಪ ನಾಚಿಕೆ.

ಗಂಡನಿಲ್ಲದೆ ಸುಮಾರು ಎಪ್ಪತ್ತು ವರ್ಷ ಬಾಳಿ, 1992ರಲ್ಲಿ ತೀರಿಕೊಂಡರು. ಹುಬ್ಬಳ್ಳಿಯಲ್ಲಿ ಅವರಿದ್ದ ಸಣ್ಣ ಮನೆಯ ಹೆಸರು ಆನಂದ ಸ್ಮೃತಿ. ಅದು ಮಾವನ ನೆನಪು.

ನಮ್ಮ ಮಾವನವರು ಉಮಾಬಾಯಿಯ ಹೆಸರು ಕೇಳಿದವರಲ್ಲ. ಅವರಿಗೆ ಅಕ್ಷರವೂ ಬರುತ್ತಿರಲಿಲ್ಲ. ನನ್ನ ಟಿಸಿಎಚ್ ಅರ್ಜಿಯಲ್ಲಿ ಪೋಷಕರ ಸಹಿಯ ಜಾಗಕ್ಕೆ ಅವರು ಒತ್ತಿದ್ದು ಹೆಬ್ಬೆಟ್ಟು.